ಗೋಲ್‌ಕೀಪರನ ಬಲಗೈ

ಸೋಮವಾರ ಬೆಳಿಗ್ಗೆ ಕಿಶನ್ ತನ್ನ ಗಟ್ಟಿಮುಟ್ಟಾದ ಬಲಗೈಗೆ ತಾನೇ ಬ್ಯಾಂಡೇಜು ಸುತ್ತಿಕೊಂಡ. ಕಾಸರಗೋಡಿನ ಈ ಹುಡುಗ ಕೊಚ್ಚಿಯ ಕಾಲೇಜೊಂದರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಭೌತಶಾಸ್ತ್ರದಲ್ಲಿ ಕೊನೆಯ ವರ್ಷ. ಅವತ್ತು ಹತ್ತು ಗಂಟೆಗೆ ಕಾಲೇಜಿನಲ್ಲಿ ಪರೀಕ್ಷೆ, ಅದೇ ಹತ್ತಕ್ಕೆ ಆಲುವದಲ್ಲಿ ಸೆಮಿಫೈನಲ್. ಗುರುವಾರ ಹತ್ತಕ್ಕೆ ತಿರುವನಂತಪುರದಲ್ಲಿ, ತುಂಬಾ ರಾಕೆಟ್ ಕೇಂದ್ರದ ಹತ್ತಿರದ ಸಂಶೋಧನಾಲಯವೊಂದರಲ್ಲಿ ಸಂದರ್ಶನ. ಒಂದು ಪೇಪರ್ ಬಾಕಿ ಇದ್ದರೂ ಬರಬೇಡಿ ಎಂದು ಅಲ್ಲಿಂದ ಬಂದ ಪತ್ರದಲ್ಲಿತ್ತು.

ಕೋಚ್ ವಿನ್ಸೆಂಟ್ ಮಂಜೇಶ್ವರದವರು. "ಪರೀಕ್ಷೆ ಆರು ತಿಂಗಳಿಗೆ ಪುನಃ ಬರ್ತದೆ ಮಾರಾಯ, ಸೆಮಿಫೈನಲ್ ಬರ್ತದಾ?" ಎಂದು ವಾರವಿಡೀ ಕೇಳಿದ್ದರು. ಆಡುವುದಿಲ್ಲ ಎನ್ನುವ ಧೈರ್ಯ ಕಿಶನ್‌ಗೆ ಇರಲಿಲ್ಲ. ಕಾಲಿಗೆ ಬ್ಯಾಂಡೇಜು ಸುತ್ತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗೋಲ್‌ಕೀಪರನ ಬುದ್ಧಿ ನೋಡಿ, ಕೈಗೇ ಹೋಯಿತು.

"ಬಾತ್‌ರೂಮಿನಲ್ಲಿ ಜಾರಿದೆ ಸಾರ್."

ವಿನ್ಸೆಂಟ್ ತಲೆಯ ಮೇಲೆ ಕೈ ಹೊತ್ತರು. "ಹೋಗ್ಲಿ, ಹಂಸಾ ಉಂಟಲ್ಲ." ಉಪ್ಪಳದ ಹಂಸಾ ತಂಡದ ಎರಡನೇ ಗೋಲ್‌ಕೀಪರ್. ಕಿಶನ್ ನಿಟ್ಟುಸಿರು ಬಿಟ್ಟ.

ಅಷ್ಟರಲ್ಲಿ ಭೌತಶಾಸ್ತ್ರದ ಮುಖ್ಯಸ್ಥೆ ಇಂದುಮತಿ ಮೇಡಂ ಬಂದರು. ಅವರು ಮೈಸೂರಿನವರು. "ಅಯ್ಯೋ, ಬಲಗೈ! ಪರೀಕ್ಷೆ ಹೇಗೋ ಬರೀತೀಯ?"

"ಎಡಗೈಯಲ್ಲಿ ಬರೀತೇನೆ ಮೇಡಂ."

"ಸುಮ್ನಿರು. ನೀನು ಹೇಳು, ಬೇರೆಯವರು ಬರೀತಾರೆ. ನಾನು ವ್ಯವಸ್ಥೆ ಮಾಡ್ತೀನಿ."

ನಿಯಮದ ಪ್ರಕಾರ ಬರೆಯುವವರು ಕೆಳಗಿನ ತರಗತಿಯವರಾಗಿರಬೇಕು, ವಿಷಯವೂ ಬೇರೆಯಾಗಿರಬೇಕು. ಅಂಥವರೆಲ್ಲ ಆಗ ತಮ್ಮ ತಮ್ಮ ಪರೀಕ್ಷೆಗೆ ಹೊರಟಿದ್ದರು. ಇಡೀ ಕಾಲೇಜಿನಲ್ಲಿ ಬಿಡುವಾಗಿ ಸಿಕ್ಕವನು ಒಬ್ಬನೇ. ಅವತ್ತು ಪರೀಕ್ಷೆಯಿಲ್ಲದೆ, ಆಟಕ್ಕೆಂದು ಬೂಟಿನ ಲೇಸು ಕಟ್ಟುತ್ತಿದ್ದ ಮೊದಲ ವರ್ಷದ ಚರಿತ್ರೆಯ ವಿದ್ಯಾರ್ಥಿ, ಹಂಸಾ.

"ಹಂಸಾ ಬೇಡ ಸಾರ್! ಮ್ಯಾಚ್ ಏನಾಗ್ಬೇಕು?" ಕಿಶನ್ ಕಿರುಚಿದ.

ವಿನ್ಸೆಂಟರ ಕಣ್ಣು ಒದ್ದೆಯಾಯಿತು. "ನೋಡಿ ಮೇಡಂ, ಈಗಲೂ ಇವನಿಗೆ ಟೀಮಿನದ್ದೇ ಚಿಂತೆ. ಬೇಡ ಮಾರಾಯ, ನಿನ್ನ ಓದು ಮೊದಲು." ವಾರದಿಂದ ಕಿಶನ್ ಕೇಳಲು ಕಾದಿದ್ದ ಮಾತು ಅದು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಇಬ್ಬರ ಮುಖ ನೋಡಿ ನಾಚಿಕೆಯಾಗಿ ಮುಚ್ಚಿಕೊಂಡ.

ಪರೀಕ್ಷಾ ಕೊಠಡಿಯಲ್ಲಿ ಅವನು ಪಿಸುಗುಟ್ಟಿದ, "ಇಂಟೆಗ್ರಲ್ ಹಾಕು."

"ಅದು ಹೇಗಿರ್ತದೆ ಚೇಟ್ಟಾ?" ಮಲಯಾಳಿಗಳ ಹಾಗೆ ಅಣ್ಣನಿಗೆ ಚೇಟ್ಟಾ ಎನ್ನುವುದು ಹಂಸಾನ ರೂಢಿ.

"ಮೀನಿನ ಗಾಳದ ಹಾಗೆ."

ಹಂಸಾ ಮನಸ್ಸಿಟ್ಟು ಗಾಳ ಬರೆದ. ತುದಿಗೊಂದು ಎರೆಹುಳವನ್ನೂ ಸಿಕ್ಕಿಸಿದ.

"ಹುಳ ಬೇಡ!"

ಪೆನ್ನು ಕಿತ್ತುಕೊಳ್ಳಲು ಕಿಶನ್‌ನ ಬಲಗೈ ತುಡಿಯುತ್ತಿತ್ತು. ಮೇಲ್ವಿಚಾರಕರು ಬ್ಯಾಂಡೇಜಿನತ್ತ ಕನಿಕರದಿಂದ ನೋಡುತ್ತಿದ್ದರು. ಕೈ ಆಗದವರಿಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ನಾಲ್ಕು ಗಂಟೆಯಲ್ಲಿ ಮೂವತ್ತಾರು ಪುಟ ತುಂಬಿದವು.

ಎರಡಕ್ಕೆ ಹೊರಬಂದಾಗ ಪಾಸಾಗುವುದು ಖಚಿತವೆನಿಸಿ ಕಿಶನ್ ಹಗುರಾಗಿದ್ದ. ಬಾಗಿಲಲ್ಲಿ ವಿನ್ಸೆಂಟ್ ನಗುತ್ತ ನಿಂತಿದ್ದರು.

"ಗೋಲ್‌ಕೀಪರ್ ಇಲ್ಲದೆ ಆಡುದು ಹೇಗೆ? ಎಲ್ಲರ ಕಾಲು ಹಿಡಿದು ಮ್ಯಾಚ್ ಮುಂದೆ ಹಾಕಿಸಿದೆ. ಗುರುವಾರ ಹತ್ತಕ್ಕೆ, ಆಲುವದಲ್ಲೇ."

ಗುರುವಾರ ಹತ್ತಕ್ಕೇ ಅತ್ತ ತಿರುವನಂತಪುರದಲ್ಲಿ ಕಿಶನ್‌ನ ಸಂದರ್ಶನ. "ಹಂಸಾನೇ ನಿಲ್ಲಲಿ ಸಾರ್. ಅವ ಚೆನ್ನಾಗಿ ಆಡ್ತಾನೆ."

ಹಂಸಾ ತನ್ನ ಬಲಗೈ ಎತ್ತಿ ತೋರಿಸಿದ. ಮಣಿಕಟ್ಟು ಬನ್ನಿನ ಹಾಗೆ ಊದಿತ್ತು. "ಬೆರಳು ಮಡಚ್ಲಿಕ್ಕೇ ಆಗುದಿಲ್ಲ ಚೇಟ್ಟಾ. ಜನ್ಮದಲ್ಲಿ ಇಷ್ಟು ಬರ್ದದ್ದಿಲ್ಲ."

"ಈಗಲೇ ಕಟ್ಬೇಕು, ಬ್ಯಾಂಡೇಜು ಎಲ್ಲುಂಟು?" ಎನ್ನುತ್ತ ವಿನ್ಸೆಂಟ್ ಸುತ್ತ ನೋಡಿ, ಕಿಶನ್‌ನ ಕೈಯನ್ನೇ ಹಿಡಿದು ಸರಸರನೆ ಬಿಚ್ಚಿದರು. ಒಳಗಿನಿಂದ ಒಂದು ಗೀರೂ ಇಲ್ಲದ ಕೈ ಹೊರಬಂತು. ಅವರು ಅದನ್ನು ತಿರುಗಿಸಿ ನೋಡಿದರು, ಒತ್ತಿ ನೋಡಿದರು. ಕಿಶನ್ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ.

"ಒಳ್ಳೇದಾಯ್ತು, ಪೂರಾ ಗುಣ ಆಗಿದೆ!" ಎಂದ ವಿನ್ಸೆಂಟ್ ಆ ಬ್ಯಾಂಡೇಜನ್ನು ಹಂಸಾನ ಕೈಗೆ ಸುತ್ತತೊಡಗಿದರು. "ಗುರುವಾರ ಎಂಟಕ್ಕೆ ಬಸ್ಸು. ಅಲ್ಲಿಯವರೆಗೆ ನೀನು ಸ್ನಾನ ಮಾತ್ರ ಮಾಡ್ಬೇಡ ಮಾರಾಯ, ಪುನಃ ಜಾರ್ತೀಯ."