ಬಚ್ಚನವರನ್ನು ಸಾಲಿಗ್ರಾಮದಲ್ಲಿ ಸಾಯಿಸಿದ ಪ್ರವಾಸ ಸಂಸ್ಥೆಯವರಿಗೆ

ನವಗೆಜ್ಜೆ ಪ್ರವಾಸ ಸಂಸ್ಥೆಯ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ತಣ್ಣನೆಯ ಬಸ್ಸೂ ಅದರ ಚಾಲಕರೂ, ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಮಾರ್ಗದರ್ಶಿ ವಿಶಾಲ್ ಅವರ ಗಂಟಲೂ ಕ್ಷೇಮವೆಂದು ನಂಬಿದ್ದೇನೆ. ಬೀಜಾಡಿಯ ಗಿರಿಜಾ ಎಂಬ ನಾನು ಏಳನೇ ತರಗತಿಯವರೆಗೆ ಕಲಿತ ಅಕ್ಷರಗಳನ್ನೆಲ್ಲ ಒಟ್ಟು ಮಾಡಿ ಈ ಪತ್ರ ಬರೆಯುತ್ತಿದ್ದೇನೆ. ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆಯುವುದನ್ನು ಬಿಟ್ಟರೆ ಬರವಣಿಗೆಯ ಅಭ್ಯಾಸವಿಲ್ಲದವಳು; ತಮ್ಮ ಉಪಕಾರ ನಾಲ್ಕು ಸಾಲಿನಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಕಾಗದ ಉದ್ದವಾದರೆ ಮನ್ನಿಸಬೇಕು.

‘ರಾಜಧಾನಿಯಿಂದ ಕಲಾವಿದರ ಪಟ್ಟಣಕ್ಕೆ: ಒಂದು ದಿನದ ಐತಿಹಾಸಿಕ ಪ್ರವಾಸ’ ಎಂಬ ತಮ್ಮ ಜಾಹೀರಾತನ್ನು ನನಗೆ ತೋರಿಸಿದವಳು ಪಕ್ಕದ ಮನೆಯ ಪೂಜಿತಾ. ‘ಗಿರಿಜಕ್ಕ, ಇಲ್ಲ್ ಕಾಣಿ, ಬಚ್ಚಣ್ಣನ ಪಟ ಬಂದಿತ್ತ್’ ಎಂದು ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದಳು. ಮೂವತ್ತೊಂದು ವರ್ಷ ಯಕ್ಷಗಾನ ಮೇಳದಲ್ಲಿ ಹಾಸ್ಯಗಾರರಾಗಿದ್ದ ನನ್ನ ಯಜಮಾನರು, ಬೀಜಾಡಿ ಬಚ್ಚ ಎಂದು ಹೆಸರು ಮಾಡಿದವರು, ಅಲ್ಲಿ ಸೊಟ್ಟ ಟೊಪ್ಪಿ ಹಾಕಿಕೊಂಡು ನಿಂತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿದೆ. ತಮ್ಮ ಬಸ್ಸಿಗೆ ಹೆಸರು ಕೊಡುತ್ತೇನೆಂದಾಗ ಪೂಜಿತಾಳ ತಾಯಿ ಮುತ್ತು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ‘ಸಾಲಿಗ್ರಾಮ ಕಾಂಬುಕೆ ಟಿಕೆಟ್ ತೆಗ್ದ್ ಹೋತ್ರಾ? ಹೈವೇಲ್ ನಿಂತ್ರೆ ಅರ್ಧ ಗಂಟಿಗ್ ಮುಟ್ಟುತ್ತಲೆ ಮಾರಾಯ್ತಿ’ ಎಂದಳು. ಅವಳಿಗೆ ಇತಿಹಾಸದ ಅರಿವು ಕಡಿಮೆ, ಕ್ಷಮಿಸಿ.

ಹಳೆಯ ರಾಜಧಾನಿಯಾದ ಬಾರ್ಕೂರಿನಿಂದ ಕಲಾವಿದರ ಪಟ್ಟಣವೆಂದು ತಾವು ಪದವಿ ಕೊಟ್ಟಿರುವ ಸಾಲಿಗ್ರಾಮಕ್ಕೆ ಅರ್ಧ ಗಂಟೆಯ ದಾರಿ. ಅದನ್ನು ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಎಳೆದ ತಮ್ಮ ಚಾತುರ್ಯವನ್ನು ಹೇಗೆ ಹೊಗಳಲಿ? ಬಾರ್ಕೂರಿನ ಕಲ್ಲುಕಂಬಗಳಿಗೆ ಹನ್ನೆರಡು ನಿಮಿಷ ದಯಪಾಲಿಸಿ, ಸಾಲಿಗ್ರಾಮದ ಎದುರಿನಿಂದಲೇ ಹಾದುಹೋಗುವಾಗ ‘ಇದನ್ನು ಈಗ ನೋಡಬೇಡಿ, ಸಂಜೆಗೆ ಇದೆ’ ಎಂದು ಅಪ್ಪಣೆ ಕೊಡಿಸಿ, ಮರವಂತೆಯ ಕಡಲು ದಾಟಿಸಿ, ಬೈಂದೂರಿನ ಒತ್ತಿನೆಣೆಯ ಗುಡ್ಡ ಹತ್ತಿಸಿ, ನೋಡದೆ ದಾಟಿಹೋಗಿದ್ದ ಸಾಲಿಗ್ರಾಮಕ್ಕೇ ನಮ್ಮನ್ನು ಮರಳಿ ಕರೆತಂದಿರಿ. ಅಷ್ಟು ಸುತ್ತಿದ ಮೇಲೆ ಮನೆಯ ಬಾಗಿಲೂ ಐತಿಹಾಸಿಕವಾಗಿಯೇ ಕಾಣುತ್ತದೆ.

ಇಳಿದ ಕೂಡಲೇ ಯಜಮಾನರು ಎದುರಾದರು. ಆಳೆತ್ತರದ ಹಲಗೆಯ ಮೇಲೆ ಅವರ ಪಟ ಅಂಟಿಸಿ, ಮುಖವಿರುವಲ್ಲಿ ದುಂಡಗೆ ತೂತು ಕೊರೆಸಿದ್ದೀರಿ. ಪ್ರವಾಸಿಗರು ಹಿಂದಿನಿಂದ ಮುಖ ತೂರಿಸಿ ಫೋಟೊ ತೆಗೆಸಿಕೊಳ್ಳಲೆಂದು ಮಾಡಿದ ಅನುಕೂಲ. ಮೂವತ್ತೊಂದು ವರ್ಷ ದಿನವೂ ಕನ್ನಡಿ ಹಿಡಿದು ಆ ಮುಖಕ್ಕೆ ತಾವೇ ಬಣ್ಣ ಬರೆದುಕೊಂಡವರಿಗೆ ಕೊನೆಗೂ ಆ ಶ್ರಮದಿಂದ ಬಿಡುಗಡೆ ಸಿಕ್ಕಿತು. ಹದಿನಾಲ್ಕು ಜನ ಸರದಿಯಲ್ಲಿ ನಿಂತು ನನ್ನ ಗಂಡನಾದರು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ದಾವಣಗೆರೆಯ ನಿವೃತ್ತ ಶಿಕ್ಷಕಿ, ಬಹಳ ಒಳ್ಳೆಯ ಹೆಂಗಸು, ನನ್ನನ್ನೂ ಬಿಡಲಿಲ್ಲ. ತೂತು ಸರಿಯಾಗಿ ನನ್ನ ಎತ್ತರಕ್ಕಿತ್ತು. ‘ನಗ್ರೀ ಅಮ್ಮಾ’ ಎಂದರು. ನಕ್ಕೆ. ಯಜಮಾನರ ಅಂಗಿಯೊಳಗೆ ನಿಂತು ಜನರಿಗೆ ಬೇಸರ ಮಾಡಬಾರದು.

ಆಮೇಲೆ ವಿಶಾಲ್ ನಮ್ಮನ್ನು ಕಲ್ಯಾಣ ಮಂಟಪವೊಂದರ ಹಿಂದಿನ ಗದ್ದೆಗೆ ಕರೆದೊಯ್ದು, ಟೋಪಿ ತೆಗೆದು, ಮೈಕನ್ನು ತುಟಿಗೆ ಒತ್ತಿ ಹೀಗೆ ಹೇಳಿದರು: ‘ಫ್ರೆಂಡ್ಸ್, ಇದೇ ಜಾಗ. ಶ್ರಾವಣ ಮಾಸ. ಎಂಟುನೂರು ಜನ ನಗ್ತಾ ಇದ್ರು. ಬಚ್ಚ ಅವ್ರು ಎದೆ ಹಿಡ್ಕೊಂಡು ಬಿದ್ರು. ಜನ ಅದೂ ತಮಾಷೆ ಅಂದ್ಕೊಂಡು ಎರಡು ನಿಮಿಷ ಚಪ್ಪಾಳೆ ತಟ್ಟಿದ್ರು. ಅವ್ರ ಕೊನೇ ಮಾತು ಏನ್ ಗೊತ್ತಾ? ನೀವು ನಗ್ತಾ ಇರಿ, ನಾನು ಬರ್ತೀನಿ.’ ದಾವಣಗೆರೆಯ ಶಿಕ್ಷಕಿ ಅತ್ತರು. ಒಂದು ನಿಮಿಷ ಮೌನವಿತ್ತು, ಆಮೇಲೆ ಸೋಡಾ ಶರಬತ್ತು ಇತ್ತು.

ಮಾನ್ಯರೇ, ಈ ಮರಣವನ್ನು ಏರ್ಪಡಿಸಿದ್ದಕ್ಕೆ ತಮಗೆ ಯಾವ ಬಾಯಿಯಿಂದ ವಂದನೆ ಹೇಳಲಿ? ಸಣ್ಣದೊಂದು ತೊಡಕು ಮಾತ್ರ ಇದೆ. ನಮ್ಮ ಕಡೆ ಮೇ ತಿಂಗಳ ಕೊನೆಗೆ ಹತ್ತನಾವಧಿ, ಅಂದರೆ ಆಟ ಮುಗಿಸುವ ದಿನ, ಬಂತೆಂದರೆ ಮೇಳದವರು ಗೆಜ್ಜೆ ಬಿಚ್ಚಿ, ಮುಂದಿನ ತಿರುಗಾಟದವರೆಗೆ ಪೆಟ್ಟಿಗೆಯಲ್ಲಿಟ್ಟು ಮನೆಗೆ ಬರುತ್ತಾರೆ. ಶ್ರಾವಣದಲ್ಲಿ ಆ ಗದ್ದೆಯಲ್ಲಿ ಮೊಣಕಾಲುದ್ದ ನೀರು, ನೀರಿನಲ್ಲಿ ನೇಜಿ, ಭತ್ತದ ಸಸಿ. ಬಯಲಾಟ ನೋಡಲು ಎಂಟುನೂರು ಜನರನ್ನು ತಾವು ಅಲ್ಲಿ ಕೂರಿಸಿದ್ದರೆ ಪ್ರೇಕ್ಷಕರಿಗೂ ಕಪ್ಪೆಗಳಿಗೂ ಬಹಳ ಇಕ್ಕಟ್ಟಾಗಿರಬೇಕು. ನನ್ನ ಯಜಮಾನರು ಸತ್ತದ್ದು ಬೀಜಾಡಿಯಲ್ಲಿ, ನಮ್ಮ ಮನೆಯ ನಡುಕೋಣೆಯ ಮಂಚದಲ್ಲಿ, ಪಿತ್ತಕೋಶದ ಕಾಯಿಲೆಯಿಂದ, ಹದಿನೆಂಟು ದಿನ ಮಲಗಿ. ಆ ಹದಿನೆಂಟು ದಿನಗಳಲ್ಲಿ ಅವರು ಯಾರನ್ನೂ ನಗಿಸಲಿಲ್ಲ. ನೋಡಲು ಬಂದ ನಾಗ, ಒಟ್ಟಿಗೆ ಬಲೆ ಎಳೆದ ಹಳೆಯ ಸ್ನೇಹಿತ, ‘ಬಚ್ಚಣ್ಣ, ಒಂದ್ ನೆಗಿ ಬಪ್ಪಂಗ್ ಹೇಳ್ ಕಾಂಬ’ ಎಂದಾಗ, ‘ಗೆಜ್ಜಿ ಬಿಚ್ಚಿ ಆಯ್ತಲ ಮಾರಾಯ, ಈಗ ರಜೆ’ ಎಂದು ಗೋಡೆಯ ಕಡೆ ತಿರುಗಿದರು.

ಅಂದು ಬಸ್ಸು ಹೊರಡುವ ಮೊದಲು ವಿಶಾಲ್ ಒಬ್ಬರೇ ಸಿಕ್ಕಾಗ, ನಾನು ಯಾರೆಂದು ಹೇಳದೆ, ಈ ಕಥೆ ಎಲ್ಲಿಂದ ಬಂತೆಂದು ಕೇಳಿದೆ. ಮೈಕು ಆರಿಸಿದ ಮೇಲೆ ಅವರೂ ನಮ್ಮ ಕಡೆಯವರೇ ಎಂದು ಗೊತ್ತಾಯಿತು. ‘ಅಮ್ಮಾ, ಮೊದ್ಲ್ ನಾನ್ ಕಾಯ್ಲಿ ಬಿದ್ದ್ ಸತ್ರ್ ಅಂದೇ ಹೇಳ್ತಿದ್ದೆ. ಜನ ಮೊಬೈಲ್ ಕಾಂತಾ ನಿಂತಿರ್ತಿದ್ರ್. ಆಪೀಸಿನರ್ ಇದ್ ಬರ್ದ್ ಕೊಟ್ರ್. ಈಗ ಎಲ್ರೂ ಕಣ್ಣೀರ್ ಹಾಕಿ ಮರ್ಕ್ತ್ರ್’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸತ್ಯವನ್ನು ಒಂದಷ್ಟು ದಿನ ಹೇಳಿ ನೋಡಿದ್ದಾರೆ. ಅದು ಓಡಲಿಲ್ಲ.

ಮನೆಗೆ ಬಂದು, ಯಜಮಾನರು ತೀರಿಕೊಂಡ ಮಂಗಳವಾರದ ದಿನಚರಿ ತೆಗೆದೆ. ಅದರಲ್ಲಿರುವುದು ಇಷ್ಟೇ: ‘ಗಂಜಿ ಬೇಡ ಅಂದರು. ಮಧ್ಯಾಹ್ನ ಬಿಸಿಲು. ಬಟ್ಟೆ ಒಣಗಿಸಿದೆ. ಮೂರೂವರೆಗೆ ಹೋದರು.’ ಬರೆಯದೆ ಬಿಟ್ಟದ್ದನ್ನು ತಮಗೆ ಹೇಳುತ್ತೇನೆ. ಅವರು ಕಿಟಕಿ ನೋಡುತ್ತ, ‘ಹ್ವಾಯ್, ಬಟ್ಟಿ ಎಲ್ಲಾ ಹೊರ್ಗೇ ಇತ್ತ್. ಮಳಿ ಬತ್ತಾ ಇತ್ತ್, ತಕಂಡ್ ಬಾ’ ಎಂದರು. ನಾನು ಹೋದೆ. ಎರಡು ಸೀರೆ, ಅವರ ಪಂಚೆ, ಮಂಚದ ಹೊದಿಕೆ. ಹಗ್ಗದಿಂದ ಎಳೆದು, ತೋಳಿನ ಮೇಲೆ ಹಾಕಿಕೊಂಡು ಒಳಗೆ ಬರುವಷ್ಟರಲ್ಲಿ ಅವರಿರಲಿಲ್ಲ. ಆ ಕೋಣೆಯಲ್ಲಿ ಅವರ ಜೊತೆಗೆ ಯಾರೂ ಇರಲಿಲ್ಲ.

ಆದ್ದರಿಂದ ಒಂದು ವಾರ ನಾನು ತಮ್ಮ ಕಥೆಯಲ್ಲೇ ಇದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಅದರಲ್ಲಿ ಎರಡು ನಿಮಿಷಕ್ಕೆ ಎಲ್ಲ ಮುಗಿಯುತ್ತದೆ, ನೋವಿಲ್ಲ, ಸುತ್ತ ಎಂಟುನೂರು ಜನ. ಒಬ್ಬಳು ಹೊರಗೆ ಹೋಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ತಮಗೆ ಸಾವಿನ ಜಾಗವನ್ನು ಬದಲಾಯಿಸುವ ಅಧಿಕಾರವಿದೆಯೆಂದ ಮೇಲೆ ತಾರೀಖನ್ನೂ ಬದಲಾಯಿಸಿ, ಇನ್ನು ಹತ್ತು ವರ್ಷ ಆಚೆಗೆ ತಳ್ಳಿಸಿಕೊಡಬೇಕೆಂದು ಅರ್ಜಿ ಬರೆಯಲೂ ಕುಳಿತಿದ್ದೆ. ಅದು ಕಚೇರಿಯ ವ್ಯಾಪ್ತಿಗೆ ಮೀರಿದ್ದಾದರೆ, ಆ ಬಟ್ಟೆಗಳನ್ನಾದರೂ ಮಳೆಗೆ ನೆನೆಯಲು ಬಿಟ್ಟು, ನನ್ನನ್ನು ಮಂಚದ ಹತ್ತಿರ ಕೂರಿಸಿಕೊಡಿ ಎಂದೂ ಬರೆದೆ. ಆಮೇಲೆ ಹರಿದು ಹಾಕಿದೆ.

ಯಾಕೆಂದರೆ, ಮಾನ್ಯರೇ, ತಾವು ಅವರ ಬಾಯಲ್ಲಿಟ್ಟ ಮಾತು ಊರಿಗೆಲ್ಲ ಹೇಳುವಂಥದ್ದು. ಅಂಥ ಮಾತುಗಳನ್ನು ಅವರು ಮೂವತ್ತೊಂದು ವರ್ಷ ಹೇಳಿದ್ದಾರೆ. ವರ್ಷಕ್ಕೆ ಆರು ತಿಂಗಳು ನಾನು ಅವರನ್ನು ಆ ಊರಿಗೆಲ್ಲ ಬಿಟ್ಟುಕೊಟ್ಟಿದ್ದೇನೆ. ಬಟ್ಟೆಯ ಮಾತು ನನಗೆ ಹೇಳಿದ್ದು. ನಾನು ಹೋದೆನೆಂಬುದೂ ನಿಜ, ಅವರು ಹೇಳಿದ್ದಕ್ಕೇ ಹೋದೆನೆಂಬುದೂ ನಿಜ. ದಯವಿಟ್ಟು ತಮ್ಮ ಎಂಟುನೂರು ಜನರನ್ನು ಎಬ್ಬಿಸಿ ಮನೆಗೆ ಕಳುಹಿಸಿ. ಬಚ್ಚನವರನ್ನು ಆ ಗದ್ದೆಯಿಂದ ಎತ್ತಿ, ಬೀಜಾಡಿಗೆ ತಂದು, ಅವರ ಮಂಚದಲ್ಲಿ ಮಲಗಿಸಿಕೊಡಿ. ಕೇಳುವವರು ಮೊಬೈಲ್ ನೋಡಿಕೊಂಡು ನಿಂತರೆ ನಿಲ್ಲಲಿ.

ತಮ್ಮ ಸಂಸ್ಥೆ ಇನ್ನೂ ಅನೇಕ ಕಲಾವಿದರನ್ನು ತಕ್ಕ ಜಾಗದಲ್ಲಿ ಸಾಯಿಸುವಷ್ಟು ಬೆಳೆಯಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಗಿರಿಜಾ
ಬೀಜಾಡಿ

ಮರೆತ ಮಾತು: ಬರುವ ಭಾನುವಾರದ ಬಸ್ಸಿನಲ್ಲಿ ಮುಂದಿನ ಸಾಲಿನ ಸೀಟು ಕಾದಿರಿಸಿದ್ದೇನೆ. ವಿಶಾಲ್ ಅವರು ಆ ಮಂಟಪದ ಹಿಂದೆ ಟೋಪಿ ತೆಗೆಯುವ ಹೊತ್ತಿಗೆ ನಾನು ಮುಂದೆ ಬಂದು, ಆ ಮಂಗಳವಾರ ನಡೆದದ್ದನ್ನು ಪ್ರವಾಸಿಗರಿಗೆ ನಾನೇ ಹೇಳುವವಳಿದ್ದೇನೆ. ಅದಕ್ಕೆ ಐದು ನಿಮಿಷ ಸಾಕು. ಶರಬತ್ತನ್ನು ಅಷ್ಟು ಹೊತ್ತು ತಡೆದಿಡಲು ಹೇಳಿ.