ಹಾರ್ಮೋನಿಯಂ ಮೇಷ್ಟ್ರು ಕೈ ಎತ್ತಿದ್ದು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಒಂದು ಕೈನೋವನ್ನು ಶಿಸ್ತಿಗೆ ತರುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ!

ನಿವೃತ್ತಿಯ ಮೇಲೆ ಮದ್ದೂರು ಸುತ್ತಮುತ್ತಲ ಊರಿನವರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದೇನೆ. ಹಾರ್ಮೋನಿಯಂ ಬಾರಿಸಿ ಬಾರಿಸಿ ಮಣಿಕಟ್ಟು ಊದಿತು, ಭುಜ ಹಿಡಿದುಕೊಂಡಿತು. ಮಂಡ್ಯದ ಫಿಸಿಯೋಥೆರಪಿ ಡಾಕ್ಟರಮ್ಮ, ಅರ್ಧ ಗಂಟೆಗೊಮ್ಮೆ ಬಾರಿಸುವುದನ್ನು ನಿಲ್ಲಿಸಿ ಎರಡೂ ಕೈ ತಲೆಯ ಮೇಲೆತ್ತಿ ಹತ್ತು ಎಣಿಸಿ ಎಂದರು. ಅಂದಿನಿಂದ ಅರ್ಧ ಗಂಟೆಗೊಮ್ಮೆ ಮೊಬೈಲು ಜೇಬಿನಲ್ಲಿ ನಡುಗುವುದು, ನಾನು ಎಲ್ಲಿದ್ದರೂ ಕೈ ಎತ್ತುವುದು. ಒಮ್ಮೆ ರಸ್ತೆಬದಿಯಲ್ಲಿ ಎತ್ತಿದ್ದಕ್ಕೆ ಮಳವಳ್ಳಿ ಬಸ್ಸು ನಿಂತಿತು. ಹತ್ತದಿದ್ದಕ್ಕೆ ಕಂಡಕ್ಟರ್ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡ.

"ನಾಟಕದ ದಿನ ಇದೊಂದ ಬುಡಿ. ನನ್ ತಮ್ಮನ್ ಪಾರ್ಟೈತೆ" ಎಂದಳು ಹೆಂಡತಿ ಸಾವಿತ್ರಿ. ವೈದ್ಯಶಾಸ್ತ್ರ ನೆಂಟಸ್ತನ ನೋಡುವುದಿಲ್ಲ ಎಂದು ಅವಳಿಗೆ ತಿಳಿಸಿದೆ.

ಆ ತಮ್ಮ ಪುಟ್ಟಸ್ವಾಮಿಯದು ರಾಜನ ಪಾತ್ರ. ಎಂಟು ಹಾಡು. ಮೂರು ತಿಂಗಳು ಹಾಲು ಕರೆಯುವಾಗಲೂ ಟ್ರ್ಯಾಕ್ಟರ್ ಓಡಿಸುವಾಗಲೂ ಹಾಡಿಕೊಂಡಿದ್ದ. ಎಂಟನೆಯ ಹಾಡು ಮುಗಿದ ಕೂಡಲೇ ಮಗನ ಕೊರಳಿಗೆ ಹಾಕಬೇಕೆಂದು ನಮ್ಮತ್ತೆ ಚಿಕ್ಕರಸಿನಕೆರೆಯಿಂದ ಸೇವಂತಿಗೆ ಹಾರ ತಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ರಾತ್ರಿ ಹತ್ತು ಗಂಟೆಗೆಂದ ನಾಟಕ ಹನ್ನೆರಡಕ್ಕೆ ಶುರುವಾಯಿತು. ಪುಟ್ಟಸ್ವಾಮಿ ಮೂರನೆಯ ಹಾಡಿನ ನಡುವೆ ಸ್ವರ ಏರಿಸಿದ್ದಾನೆ, ಮೊಬೈಲು ನಡುಗಿತು. ನಾನು ಹಾರ್ಮೋನಿಯಂ ನಿಲ್ಲಿಸಿ, ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ ಎಣಿಸತೊಡಗಿದೆ. ಮೂರಕ್ಕೆ ಯಾರೋ ಓಡಿ ಬಂದ ಸದ್ದು. ಐದಕ್ಕೆ ಧಡ್!

ಕಣ್ಣು ಬಿಟ್ಟರೆ ರಾಜ ಅಂಗಾತ ಬಿದ್ದಿದ್ದಾನೆ. ಮೇಲೆ ಗದೆ ಹಿಡಿದು ಬೋರೇಗೌಡ ನಿಂತಿದ್ದಾನೆ. ಕೊನೆಯ ದೃಶ್ಯದಲ್ಲಿ ಬಂದು ರಾಜನನ್ನು ಕೊಲ್ಲುವ ಪಾತ್ರ ಅವನದು.

"ನೀವೇ ಯೋಳ್ಕೊಟ್ಟಿದ್ದಲ್ವಾ ಮೇಷ್ಟ್ರೆ, ನಾನ್ ಎಲ್ಡೂ ಕೈ ಎತ್ತುದ್ರೆ ನುಗ್ಗು ಅಂತ" ಎಂದ. ನಾನೇ ಹೇಳಿಕೊಟ್ಟಿದ್ದೆ. ತಾಲೀಮಿನಲ್ಲಿ ಇಪ್ಪತ್ತು ಸಲ!

ಬಿದ್ದಲ್ಲಿಂದಲೇ ಪುಟ್ಟಸ್ವಾಮಿ ಪಿಸುಗುಟ್ಟಿದ: "ಬಾವ, ಇನ್ನೂ ಐದೂವರೆ ಹಾಡು ಅವೆ."

ಅಷ್ಟರಲ್ಲಿ, ರಾಜ ಸತ್ತ ಮೇಲೆ ಇನ್ನೇನೆಂದು ಪರದೆಯವನು ಪರದೆ ಬಿಟ್ಟ. ಹೊರಗೆ ಬಾಡೂಟ ಸಿದ್ಧವಾಗಿತ್ತು. ಎದ್ದ ಜನ ಮತ್ತೆ ಕೂರಲಿಲ್ಲ. ನಮ್ಮತ್ತೆ ಮಾತ್ರ ಹಾರವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅತ್ತೆಮನೆಯ ತೀರ್ಪು ಅಂದೇ ಬಂತು. ಒಂದು ತಿಂಗಳು ದಿನಾ ಸಾಯಂಕಾಲ ಪುಟ್ಟಸ್ವಾಮಿ ನಮ್ಮ ಜಗಲಿಯಲ್ಲಿ ಎಂಟೂ ಹಾಡು ಹಾಡತಕ್ಕದ್ದು, ಅತ್ತೆ ಕೇಳತಕ್ಕದ್ದು, ನಾನು ನಿಲ್ಲಿಸದೆ ಬಾರಿಸತಕ್ಕದ್ದು. ಮೊಬೈಲು ಸಾವಿತ್ರಿಯ ವಶ. ಅತ್ತೆ ಪ್ರತಿ ಹಾಡನ್ನೂ ಇನ್ನೊಂದು ಸಲ ಹಾಡಿಸುತ್ತಾರೆ.

ಮೊನ್ನೆ ಮಣಿಕಟ್ಟು ಬದನೆಕಾಯಿಯಷ್ಟು ಊದಿದ ಮೇಲೆ ಮತ್ತೆ ಮಂಡ್ಯಕ್ಕೆ ಹೋದೆ. ಡಾಕ್ಟರಮ್ಮ ಗದರಿದರು.

"ನಾನು ಹೇಳಿದ ಹಾಗೆ ಮಧ್ಯೆ ನಿಲ್ಲಿಸಿ ಕೈ ಎತ್ತಿದ್ರಾ?"

"ಎತ್ತಿದೆ ಡಾಕ್ಟ್ರೇ" ಎಂದೆ. "ಅದಕ್ಕೇ ಹಿಂಗಾಯ್ತು."