ಲೋಕನಾಥ ಶೆಟ್ಟರ ಹಂಪು

2024ರ ಮಾರ್ಚ್ 9, ಶನಿವಾರ, ಬೆಳಿಗ್ಗೆ ಏಳು ನಲವತ್ತಕ್ಕೆ ಜೆಪ್ಪುವಿನ ಕಾರ್ಪೊರೇಟರ್ ಲೋಕನಾಥ ಶೆಟ್ಟರು ತಮ್ಮ ಮನೆಯೆದುರಿನ ರಸ್ತೆ ಉಬ್ಬನ್ನು, ಊರವರ ಮಾತಿನ ಹಂಪನ್ನು, ಮೊದಲ ಬಾರಿಗೆ ಭಯದಿಂದ ನೋಡಿದರು.

ಅದನ್ನು ಹಾಕಿಸಿದವರು ಅವರೇ. ಕಾರ್ಪೊರೇಟರಾಗಿ ಶುರುಮಾಡಿ, ಒಂದು ಅವಧಿಗೆ ಲೋಕಸಭೆಗೂ ಹೋಗಿ, ಆಮೇಲೆ ಸೋತು ಮತ್ತೆ ವಾರ್ಡಿಗೇ ಬಂದು ಬಿದ್ದಾಗ ಅವರಿಗೆ ಒಂದು ಸತ್ಯ ಹೊಳೆದಿತ್ತು: ದೆಹಲಿ ಕಂಡುಬಂದವನ ಮನೆಯೆದುರೂ ಜನ ಟಾಪ್ ಗೇರಿನಲ್ಲೇ ಹೋಗುತ್ತಾರೆ. ಹಂಪು ಬಂದ ಮೇಲೆ ಎಲ್ಲರೂ ನಿಧಾನಿಸಿದರು. ಹಾರಿ ಇಳಿಯುವಾಗ ಸವಾರರ ತಲೆ ತಾನಾಗಿ ಬಾಗುತ್ತಿತ್ತು. ಜಗಲಿಯಲ್ಲಿ ಕುಳಿತ ಶೆಟ್ಟರು ಅದನ್ನೇ ನಮಸ್ಕಾರವೆಂದು ಸ್ವೀಕರಿಸಿ ಕೈಯೆತ್ತುತ್ತಿದ್ದರು.

"ನಿನ್ನೆ ಡಾಕ್ಟ್ರ ಕಾರಿನ ಹೊಟ್ಟೆ ಕರ್ರಂತ ತಾಗಿತು," ಎಂದಳು ಹೆಂಡತಿ ಕುಶಲಾ. "ಇವತ್ತು ದೆಲ್ಲಿಯವರು ಬರ್ತಾರಲ್ಲ, ಅವರ ಕಾರಿನದ್ದೂ ತಾಗಿದರೆ ನಿಮಗೆ ಟಿಕೆಟ್ ಉಂಟಾ?"

ಬರುವವರು ಪಕ್ಷದ ವೀಕ್ಷಕರು. ಲೋಕಸಭೆಗೆ ಯಾರನ್ನು ನಿಲ್ಲಿಸಬೇಕೆಂದು ಅವರೇ ಹೇಳಬೇಕು. ಶೆಟ್ಟರು ಕೂಡಲೇ ಗುತ್ತಿಗೆದಾರ ದೀಪೇಶನಿಗೆ ಫೋನ್ ಮಾಡಿದರು. ಅವನು ಕಾಂಕ್ರೀಟ್ ಒಡೆಯುವ ಯಂತ್ರ ತಂದು ಗಡಗಡ ಎನ್ನಿಸಿದ್ದೇ ತಡ, ಎದುರುಮನೆಯ ಅಪೊಲೋನಿಯಾ ಬಾಯಿ ಸೌಟು ಹಿಡಿದುಕೊಂಡೇ ಓಡಿಬಂದರು.

"ಎಂತ ಮಾಡ್ತಿದ್ದೀರಿ ಲೋಕಣ್ಣ? ನಮ್ಮ ಅಡ್ರೆಸ್ಸೇ ಹಂಪು! ಕೊರಿಯರಿನವ ಇನ್ನು ಎಂತ ನೋಡಿ ಬರುವುದು?"

"ನನ್ನ ಮನೆ ಹತ್ತಿರ ಅಂತ ಹೇಳಿ ಬಾಯಿ."

"ಹೇಳಿ ನೋಡಿದ್ದೇನೆ. 'ಯಾವ ಲೋಕನಾಥ?' ಅಂತ ಕೇಳ್ತಾರೆ."

ಶೆಟ್ಟರ ಮುಖ ಉಪ್ಪು ಹೆಚ್ಚಾದ ಸಾರು ಕುಡಿದವರ ಹಾಗಾಯಿತು. ಅಷ್ಟರಲ್ಲಿ ಮೊಯ್ದೀನಬ್ಬ ಮೀನಿನ ಸ್ಕೂಟರಿನ ಪೋಂಪೋಂ ಹಾರ್ನ್ ಒತ್ತುತ್ತಾ ಬಂದು ಎಂದಿನಂತೆ ಹಂಪಿನ ಬಳಿ ನಿಲ್ಲಿಸಿದ. ಇಡೀ ಓಣಿಯ ಹೆಂಗಸರು ಅಲ್ಲೇ ಮೀನು ಕೊಳ್ಳುವುದು ರೂಢಿ.

"ಹಂಪು ಇಲ್ಲದಿದ್ದರೆ ನಾನು ಎಲ್ಲಿ ನಿಲ್ಲಿಸುವುದು ಮಾರಾಯ್ರೆ? ಸೀದಾ ಮುಂದಿನ ವಾರ್ಡಿಗೆ ಹೋಗ್ತೇನೆ."

ಈ ಮಾತಿಗೆ ಹೆಂಗಸರು ಬೆಚ್ಚಿಬಿದ್ದರು. ಬಂಗುಡೆ ಮುಂದಿನ ವಾರ್ಡಿಗೆ ಹೋಗುವುದೆಂದರೇನು! ಅಪೊಲೋನಿಯಾ ಬಾಯಿ ಅರ್ಧ ಒಡೆದ ಹಂಪಿನ ಮೇಲೆ ಕುಳಿತರು. ಉಳಿದವರು ಬುಟ್ಟಿ, ಚೀಲ ಸಮೇತ ಅವರ ಸುತ್ತ ಕುಳಿತರು. "ತೆಗೆಯಬಾರದು! ಇಲ್ಲೇ ಇರಬೇಕು!" ಎಂದು ಕೂಗು ಎದ್ದಿತು.

"ಏಳಿ ಬಾಯಿ, ಕೈ ಮುಗಿತೇನೆ," ಎಂದು ಶೆಟ್ಟರು ಬೇಡುತ್ತಿರುವಾಗಲೇ ವೀಕ್ಷಕರ ಕಾರು ಬಂದು ಜನರೆದುರು ನಿಂತಿತು. ಇಳಿದವರಿಗೆ ಕನ್ನಡವೂ ಬಾರದು, ತುಳುವೂ ಬಾರದು. "ಇವರೆಲ್ಲ ಏನು ಕೇಳುತ್ತಿದ್ದಾರೆ?" ಎಂದು ಹಿಂದಿಯಲ್ಲಿ ಗಾಬರಿಯಿಂದ ವಿಚಾರಿಸಿದರು.

ಲೋಕಸಭೆಯಲ್ಲಿ ಐದು ವರ್ಷ ಬಾಯಿ ಬಿಡದಿದ್ದ ಶೆಟ್ಟರಿಗೆ ಅಂದು ಎಲ್ಲಿಂದಲೋ ಮಾತು ಒದಗಿತು.

"ನನ್ನ ಮೇಲಿನ ಪ್ರೀತಿ ಸಾಹೇಬ್ರೆ! ನಾನು ಇವರ ಜೊತೆಗೇ ಇರಬೇಕಂತೆ. ನನ್ನನ್ನು ಬಿಟ್ಟು ಒಂದು ದಿನ ಇರಲಾರರು."

ವೀಕ್ಷಕರು ಸೌಟು ಹಿಡಿದ ಅಪೊಲೋನಿಯಾ ಬಾಯಿಯನ್ನು ನೋಡಿದರು, ಕೈಮುಗಿದು ನಿಂತ ಶೆಟ್ಟರನ್ನು ನೋಡಿದರು. ಅವರ ಕಣ್ಣು ತೇವವಾಯಿತು. ಹಂಪನ್ನು ಕಾಲ್ನಡಿಗೆಯಲ್ಲೇ ದಾಟಿ ಒಳಗೆ ಬಂದು, ಕುಶಲಾ ಕೊಟ್ಟ ನೀರುದೋಸೆ ತಿಂದು, ಶೆಟ್ಟರ ಬೆನ್ನು ತಟ್ಟಿ ಹೋದರು.

"ಟಿಕೆಟ್ ಆಯಿತು ಅಂತ ತಿಳಿ," ಎಂದರು ಶೆಟ್ಟರು ಹೆಂಡತಿಗೆ. ಸಂಭ್ರಮದಲ್ಲಿ, ಒಡೆದ ಹಂಪನ್ನು ಮತ್ತೆ ಕಟ್ಟಿಕೊಡುವಂತೆ ದೀಪೇಶನಿಗೆ ಅಪ್ಪಣೆಯನ್ನೂ ಕೊಟ್ಟರು. ಅಪೊಲೋನಿಯಾ ಬಾಯಿ ಪಕ್ಕದಲ್ಲೇ ನಿಂತು, "ಇನ್ನೊಂದು ಬುಟ್ಟಿ ಹಾಕು, ಇನ್ನೊಂದು ಬುಟ್ಟಿ" ಎಂದು ಕಾಂಕ್ರೀಟು ಹಾಕಿಸಿದರು.

ಸಂಜೆ ವೀಕ್ಷಕರ ಫೋನ್ ಬಂತು. ಟಿಕೆಟ್ ಕಾವೂರಿನ ಒಬ್ಬರಿಗೆ ಆಗಿತ್ತು.

"ಕಲ್ಲೆದೆಯವನು ಮಾತ್ರ ನಿಮ್ಮನ್ನು ಆ ಜನರಿಂದ ಕಿತ್ತು ದೆಹಲಿಗೆ ಕಳಿಸಿಯಾನು ಶೆಟ್ಟರೇ," ಎಂದರು ವೀಕ್ಷಕರು ಗದ್ಗದಿತರಾಗಿ. "ನೀವು ಸಾಯುವವರೆಗೂ ಅಲ್ಲೇ ಇರಿ."

ಕಾಂಕ್ರೀಟು ಒಣಗಿದ ಮೇಲೆ ಶೆಟ್ಟರು ಪಕ್ಷದ ಕಚೇರಿಗೇ ಹೋಗಿ ಜಗಳವಾಡುವುದೆಂದು ಕಾರು ಹೊರಡಿಸಿದರು. ಗೇಟು ದಾಟಿತು, ಮುಂದಿನ ಚಕ್ರ ಹಂಪು ಹತ್ತಿ ಇಳಿಯಿತು, ಕಾರು ಅಲ್ಲೇ ತಕ್ಕಡಿಯಂತೆ ತೂಗುತ್ತಾ ನಿಂತಿತು. ದೀಪೇಶ ಟೇಪು ಹಿಡಿದು ಅಳೆದ. ಕಾರಿನ ಹೊಟ್ಟೆ ನೆಲದಿಂದ ಹದಿನೇಳು ಸೆಂಟಿಮೀಟರ್ ಎತ್ತರ. ಹಂಪು ಇಪ್ಪತ್ತನಾಲ್ಕು.